ಅಪ್ಪನ ಬುಲೆಟ್ಟು, ಅವ್ವನ ಫರಸಿ, ನಡುವ ಆಯಿಲ್

ನಮ್ಮ ಮನಿ ಕಟ್ಟಿ ಮುಂದ ಶಹಾಬಾದ ಫರಸಿ ಹಾಸೇತಿ, ಅದರ ನಟ್ಟನಡುವ ಒಂದು ಕರೀ ಕಲಿ, ಊಟದ ತಾಟಿನಷ್ಟು ಅಗಲ. ನಾ ಹೈಸ್ಕೂಲಿಗೆ ಹೋಗೂವಾಗಿಂದ ಅದು ಅಲ್ಲೇ ಐತಿ. ಅವ್ವ ಸೋಡಾ ಹಾಕಿ ತಿಕ್ಕ್ಯಾಳ, ಬೂದಿ ಹಾಕಿ ತಿಕ್ಕ್ಯಾಳ, ಒಮ್ಮೆ ಯಾರೋ ಹೇಳಿದ್ರಂತ ಆ್ಯಸಿಡ್ ಹಾಕಿ ಫರಸೀನ ಸುಟ್ಕೊಂಡಾಳ, ಕಲಿ ಮಾತ್ರ ಹೋಗಿಲ್ಲ, ಹೆಂಗ ಹೋಗಬೇಕು, ಮ್ಯಾಲಿಂದ ದಿನಾ ನಾಕು ಹನಿ ಬೀಳಾಕತ್ತಿದ್ರ.

ಆ ಹನಿ ಬೀಳಸೂದು ಅಪ್ಪನ ಬುಲೆಟ್. 1984ರ ಮಾಡೆಲ್, 350 ಸಿಸಿ, ಕಾಸ್ಟ್ ಐರನ್ ಎಂಜಿನ್, ಬಲಗಾಲಿಗೆ ಗೇರು ಎಡಗಾಲಿಗೆ ಬ್ರೇಕು. ಅಪ್ಪ ಗದಗಿನ್ಯಾಗ ಪ್ರೆಸ್ಸಿನ್ಯಾಗ ಬೈಂಡಿಂಗ್ ಕೆಲಸಕ್ಕಿದ್ದ, ಗದಗಕ್ಕ ಮುದ್ರಣ ಕಾಶಿ ಅಂತಾರಲ್ಲ, ಆ ಕಾಲದಾಗ. ಅಲ್ಲೇ ಸೆಕೆಂಡ್ ಹ್ಯಾಂಡ್ ತಗೊಂಡು ಹುಬ್ಬಳ್ಳಿಗೆ ಹೊಡಕೊಂಡು ಬಂದಿದ್ದು. ಸೋರತೈತಿ ಅಂತ ಅವ್ವ ಬೈದ್ರ ಅಪ್ಪ ಒಂದ ಮಾತು ಹೇಳ್ತಿದ್ದ, ಬುಲೆಟ್ ಅಂದ ಮ್ಯಾಲ ಸೋರೂದ. ಎಲ್ಲಾ ಬುಲೆಟ್ ಇದ್ದವ್ರೂ ಹೇಳೂದು ಇದನ್ನ, ಸೋರಲಿಲ್ಲಾ ಅಂದ್ರ ಒಳಗ ಆಯಿಲ್ ಖಾಲಿ ಆಗೇತಿ ಅಂತ ತಿಳ್ಕೋ ಅಂತ ನಗತಾರ ಬ್ಯಾರೆ. ನಂಗ ಈ ಮಾತು ಕೇಳಿದ್ರ ಈಗ ಸಿಟ್ಟು ಬರತೈತಿ. ಇಂಗ್ಲಂಡಿನ ರೆಡ್ಡಿಚ್‌ನ್ಯಾಗ ಡಿಸೈನ್ ಆದ ಗಾಡಿ, 1955ರಿಂದ ಇತ್ತಲಾಗ ಮದ್ರಾಸಿನ್ಯಾಗ ತಯಾರಾದ ಗಾಡಿ, ಅದನ್ನ ಮಾಡಿದವ್ರು ಸೋರಲಿ ಅಂತ ಮಾಡಿರತಾರೇನು? ಹಳೇ ಕಾಲದ ಜಾಯಿಂಟು, ಕಾರ್ಕು, ಪೇಪರ್ ಪ್ಯಾಕಿಂಗು, ಈಗಿನಷ್ಟು ಟೈಟ್ ಇರಂಗಿಲ್ಲ, ಒಪ್ಪತೇನಿ, ಅಲ್ಲಿ ಇಲ್ಲಿ ಒದ್ದಿ ಆಗತೈತಿ. ಆದ್ರ ತಾಟಿನಷ್ಟು ಕಲಿ ಬೀಳೂದು ಗಾಡಿ ಗುಣ ಅಲ್ಲ, ಅದನ್ನ ಬಿಚ್ಚಿದವ್ರ ಗುಣ. ಈ ಮಾತು ನಂಗ ಗೊತ್ತಾಗಾಕ ಒಂದು ಮಳಗಾಲ ಪೂರಾ ಹೋತು.

ಅಪ್ಪ ಹೋದ ಮ್ಯಾಲ ಗಾಡಿ ವರ್ಷಾನುಗಟ್ಲೆ ನಿಂತಲ್ಲೇ ನಿಂತಿತ್ತು. ಹೊರಗ ತಗದಾಗ ಮೊದಲ ದಡ್ಡತನ ನಾನ ಮಾಡಿದ್ದು. ಆಯಿಲ್ ಎಷ್ಟೈತಿ ಅಂತ ತೋರಸೋ ಡಿಪ್‌ಸ್ಟಿಕ್ ಕಡ್ಡಿ ತಗದು ನೋಡಿದೆ, ತುದಿಗೆ ಸೈತ ಆಯಿಲ್ ಹತ್ತಲಿಲ್ಲ, ಅಯ್ಯ ಎಲ್ಲಾ ಸೋರಿ ಹೋಗೇತಿ ಅಂತ ಹೊಸಾ 20ಡಬ್ಲ್ಯೂ50 ಎಂಜಿನ್ ಆಯಿಲ್ ಲೀಟರ್‌ಗಟ್ಲೆ ಸುರುವಿ ಕಿಕ್ ಹೊಡದೆ. ಹತ್ತಿತು, ಹತ್ತಿದ ಕೂಡ್ಲೇ ಓಣಿ ತುಂಬ ಬಿಳೀ ಹೊಗಿ, ಬಾಜೂ ಮನ್ಯಾವ್ರು ಕಿಟಕಿ ಹಾಕ್ಕೊಂಡ್ರು, ಕೆಳಗ ನೋಡಿದ್ರ ಎಂಜಿನ್ನಿನ ಎಲ್ಲಾ ಜಾಯಿಂಟಿನಿಂದ ಆಯಿಲ್ ಬೆವರು ಬಂದಂಗ ಬರಾಕತ್ತಿತ್ತು. ಆಗೇದ್ದೇನಂದ್ರ, ಹಳೇ ಬುಲೆಟ್ಟಿಗೆ ಆಯಿಲ್ ಟ್ಯಾಂಕು ಕ್ರ್ಯಾಂಕ್‌ಕೇಸಿನ, ಅಂದ್ರ ಎಂಜಿನ್ನಿನ ಕೆಳಗಿನ ಡಬ್ಬಿಯ, ಹಿಂಬಾಜೂಕ ಅದರ ಎರಕದಾಗ ಇರತೈತಿ, ಬಲಬಾಜೂಕಿನ ಟೈಮಿಂಗ್ ಕವರಿನ್ಯಾಗ ಎರಡು ಸಣ್ಣ ಪಂಪು, ಒಂದು ಟ್ಯಾಂಕಿನಿಂದ ಆಯಿಲ್ ತಗೊಂಡು ಬಿಗ್ ಎಂಡಿಗೆ, ಅಂದ್ರ ಪಿಸ್ಟನ್ನಿನ ದಂಡ ಕ್ರ್ಯಾಂಕಿಗೆ ಕೂಡೋ ಬೇರಿಂಗಿಗೆ, ಕೊಡತೈತಿ, ಇನ್ನೊಂದು ಕೆಳಗ ಬಿದ್ದದ್ದನ್ನ ಎತ್ತಿ ಟ್ಯಾಂಕಿಗೆ ವಾಪಸ್ ಹಾಕತೈತಿ. ಗಾಡಿ ತಿಂಗಳಗಟ್ಲೆ ನಿಂತ್ರ ಟ್ಯಾಂಕಿನ ಆಯಿಲ್ ಪಂಪಿನ ಸಂದಿನ್ಯಾಗಿಂದ ಜಿನುಗಿ ಜಿನುಗಿ ಕ್ರ್ಯಾಂಕ್ ಕಡೆ ಇಳದಿರತೈತಿ. ಹೊರಗ ಹೋಗಿರಂಗಿಲ್ಲ, ಪಕ್ಕದ ಖೋಲಿಗೆ ಹೋಗಿರತೈತಿ ಅಷ್ಟ. ಅದಕ್ಕ ಮೊದಲು ಕೆಳಗಿನ ಡ್ರೇನ್ ಬೋಲ್ಟ್ ತಗದು ಇಳದದ್ದನ್ನ ಖಾಲಿ ಮಾಡಬೇಕು, ಇಲ್ಲಂದ್ರ ಗಾಡಿ ಚಾಲೂ ಮಾಡಿ ವಾಪಸ್ ಹೋಗಾಕ ಟೈಮ್ ಕೊಟ್ಟು ಆಮ್ಯಾಲೆ ಡಿಪ್‌ಸ್ಟಿಕ್ ನೋಡಬೇಕು. ನಾ ಅದರ ಮ್ಯಾಲ ಮತ್ತ ಹಾಕಿದ್ದೆ. ಎರಡೂಕಾಲು ಲೀಟರ್ ಹಿಡಿಯೂ ಎಂಜಿನ್ನಿಗೆ ಎಷ್ಟು ಕುಡಿಸಿದ್ನೋ ದೇವರಿಗೇ ಗೊತ್ತು.

ಅದಾದ ಮ್ಯಾಲ ಎರಡು ಗ್ಯಾರೇಜ್ ತಿರಗಿದೆ. ಹೆಸರು ಬ್ಯಾಡ. ಒಬ್ಬಾಂವ ಇದ್ದಬದ್ದ ಜಾಯಿಂಟಿಗೆಲ್ಲಾ ಹೊರಗಿಂದನ ಕೆಂಪು ಸಿಲಿಕಾನ್ ಅಂಟು ಮೆತ್ತಿ ಕೊಟ್ಟ, ಎಂಜಿನ್ನು ಲಿಪ್‌ಸ್ಟಿಕ್ ಹಚ್ಕೊಂಡಂಗ ಕಾಣ್ತಿತ್ತು, ಮೂರನೇ ದಿನಕ್ಕ ಅದರ ಅಡಿಯಿಂದ ಆಯಿಲ್ ಬಂತು. ಇನ್ನೊಬ್ಬಾಂವ ಬಿಚ್ಚಿದ, ಏನೇನೋ ಟೈಟ್ ಮಾಡಿದ, ಎರಡು ಸಾವಿರ ತಗೊಂಡ, ಗಾಡಿ ಮೊದಲಿನಕಿಂತ ಜಾಸ್ತಿ ಸೋರಾಕ ಹತ್ತಿತು. ಅಂವ ಮಾಡಿದ್ದೇನು ಅನ್ನೂದು ಕಡೀಕ ಗೊತ್ತಾತು, ಆ ಕಥಿ ಮುಂದ ಬರತೈತಿ. ನಾನ ಮಾಡ್ಕೋತೇನಿ ಅಂತ ನಿರ್ಧಾರ ಮಾಡಿದ್ದು ಆವಾಗ, ಶಾಣ್ಯಾತನದಿಂದಲ್ಲ, ಹಟದಿಂದ. ನಂದು ಆಫೀಸಿನ್ಯಾಗ ಕುಂತು ಕಂಪ್ಯೂಟರ್ ಒತ್ತೋ ಕೆಲಸ, ಪಾನಾ ಹಿಡದದ್ದು ಅಪ್ಪನ ಕೈಯಾಗ ಕೊಡಾಕಷ್ಟ.

ಮೊದಲು ಗಾಡಿ ಕೆಳಗ ಒಂದು ಕಾರ್ಡ್‌ಬೋರ್ಡ್ ಹಾಸಿ, ಎರಡೂ ಗಾಲಿ ಎಲ್ಲಿ ಬರತಾವ ಅಂತ ಪೆನ್ನಿಲೇ ಗುರುತು ಹಾಕಿ, ಮುಂಜಾನೆ ಎದ್ದು ನೋಡಿದೆ. ಮೂರು ಕಡೆ ಹನಿ. ಸರಿ ಅಲ್ಲೇ ಮ್ಯಾಲ ಸೋರತೈತಿ ಅಂತ ಖುಷಿ ಆದೆ, ಅದೂ ತಪ್ಪು. ಆಯಿಲ್ ಎಲ್ಲಿ ಬೀಳತೈತೋ ಅಲ್ಲಿ ಸೋರತಿರಂಗಿಲ್ಲ. ಮ್ಯಾಲ ಎಲ್ಲೋ ಹೊರಗ ಬಂದು, ಫಿನ್ನಿನ ಸಂದಿ ಹಿಡದು, ಬೋಲ್ಟಿನ ತಲಿ ಸುತ್ತು ಹಾಕಿ, ಗಾಳಿಗೆ ಹಿಂದ ಸರದು, ಎಲ್ಲಾಕ್ಕಿಂತ ಕೆಳಗಿನ ತುದಿ ಸಿಕ್ಕಲ್ಲಿ ತೊಟಕ್ ಅಂತ ಬೀಳತೈತಿ. ಹಂಗಾಗಿ ಇಡೀ ಎಂಜಿನ್ ತೊಳಿಯೂದು ಬಿಟ್ಟು ಬ್ಯಾರೆ ದಾರಿ ಇರಲಿಲ್ಲ. ಒಂದು ಐತ್ವಾರ ಪೂರಾ ಡೀಸೆಲ್ ಮತ್ತ ಹಳೇ ಹಲ್ಲಿನ ಬ್ರಶ್ ಹಿಡ್ಕೊಂಡು ಕುಂತೆ, ನಲವತ್ತು ವರ್ಷದ ಮಣ್ಣು ಆಯಿಲ್ ಕೂಡಿ ಎರಿ ಮಣ್ಣಿನ ಹೆಂಟಿಯಂಗ ಗಟ್ಟಿ ಆಗಿತ್ತು, ಸ್ಕ್ರೂಡ್ರೈವರಿಲೇ ಕೆರದ್ರ ತುಂಡ ತುಂಡ ಬೀಳತಿತ್ತು. ಒಣಗಿಸಿ, ಅದರ ಮ್ಯಾಲ ಪೌಡರ್ ಹಾಕಬೇಕಂತ, ಒದ್ದಿ ಆದಲ್ಲಿ ಕರೀ ಗೆರಿ ಮೂಡತೈತಂತ. ಮನ್ಯಾಗ ಪೌಡರ್ ಇರಲಿಲ್ಲ. ಅವ್ವ ರಂಗೋಲಿ ಪುಡಿ ಡಬ್ಬಿ ತಂದ್ಲು, ಇದೂ ಬೆಳ್ಳಗ ಐತಲ್ಲ ಅಂತ. ಬ್ಯಾಡವಾ, ಅದು ಕಲ್ಲಿನ ಪುಡಿ, ಒಳಗ ಹೋದ್ರ ಎಮರಿ ಪೇಪರ್ ಹಾಕಿ ತಿಕ್ಕಿದಂಗ ಆಗತೈತಿ ಅಂದೆ. ಹಂಗಂದ್ರ ನನ್ನ ರಂಗೋಲಿ ಜಾಗಾ ನಂಗ ವಾಪಸ್ ಕೊಡು ಅಂತ ಒಳಗ ಹೋದ್ಲು. ಆವಾಗ ಆ ಮಾತು ಕಿವಿಗೆ ಹಾಕ್ಕೊಂಡಿರಲಿಲ್ಲ. ಕಡೀಕ ಹುಡುಗರ ಹಳೇ ಬೇಬಿ ಪೌಡರ್ ಸಿಕ್ತು, ಅದನ್ನ ಬ್ರಶ್ಶಿಲೇ ಸವರಿದೆ. ವಿಭೂತಿ ಹಚ್ಕೊಂಡು ಮಠಕ್ಕ ಹೊಂಟ ಅಯ್ಯನೋರಂಗ ಕಾಣಾಕತ್ತಿತು ಎಂಜಿನ್ನು.

ಉಣಕಲ್ಲಿಂದ ನವನಗರ ತನಕ ಹೋಗಿ ಬಂದೆ, ಅಷ್ಟ ಸಾಕಾತು. ಟಾರ್ಚ್ ಹಿಡದು ನೋಡಿದ್ರ, ಬಲಬಾಜೂಕ, ಮ್ಯಾಲ ವಾಲ್ವ್ ಒತ್ತೋ ರಾಕರಿಗೆ ಹೋಗೋ ಆಯಿಲ್ ಪೈಪಿನ ಬ್ಯಾಂಜೋ ಬೋಲ್ಟಿನ (ಒಳಗ ತೂತಿದ್ದು ಆಯಿಲ್ ಹಾಯೋ ಬೋಲ್ಟು) ಸುತ್ತ ಕರೀ ಉಂಗುರ, ಟ್ಯಾಪೆಟ್ ಕವರಿನ ಕೆಳಗ ಮೀಸಿ, ಟೈಮಿಂಗ್ ಕವರಿನ ಹಿಂದಿನ ಮೂಲಿಯಿಂದ ಒಂದು ದಪ್ಪ ಗೆರಿ ಸೀದಾ ಕೆಳಗ. ಎಡಬಾಜೂಕ, ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗೋ ಚೈನ್ ಇರೋ ಚೈನ್ ಕೇಸ್ ಪೂರಾ ಸುತ್ತ ಒದ್ದಿ. ಹಿಂದ ಗೇರ್‌ಬಾಕ್ಸಿನ ಕಿಕ್ ಶಾಫ್ಟ್ ಹತ್ರ ಒಂದು ಸಣ್ಣ ಹನಿ.

ಚೈನ್ ಕೇಸ್ ಕೆಲಸ ಹತ್ತು ನಿಮಿಷದ್ದು. ಅದರ ಹೊರಗಿನ ಕವರ್ ಇಡೀದು ನಡುವಿನ ಒಂದ ನಟ್ಟಿನ ಮ್ಯಾಲ ನಿಂತಿರತೈತಿ, ಸುತ್ತ ರಬ್ಬರ್ ರಿಂಗು. ಯಾರೋ ಅದರಾಗ ಆಯಿಲ್ ಬಾಯಿ ತನಕ ತುಂಬಿದ್ರು. ಲೆವೆಲ್ ಪ್ಲಗ್ ತಗದು ಹೆಚ್ಚಾದದ್ದು ತಾನ ಹರದು ಹೋಗಾಕ ಬಿಟ್ಟು, ಹೊಸಾ ರಿಂಗ್ ಹಾಕಿದೆ, ನಿಂತ್ ಬಿಡ್ತು. ಆ ನಟ್ ಜೋರ್ ತಿರುವಿದ್ರ ಕವರ್ ನಡುವ ತಗ್ಗಾಗಿ ಅಂಚು ಎದ್ದು ಇನ್ನೂ ಸೋರತೈತಿ. ಟ್ಯಾಪೆಟ್ ಕವರಿಂದೂ ಹಂಗ, ಒಂದ ನಟ್ಟು, ಕಾರ್ಕ್ ಪ್ಯಾಕಿಂಗು. ಕಾರ್ಕು ಒಣಗಿ ಹಪ್ಪಳ ಆಗಿತ್ತು, ಹೊಸಾದು ತಂದು ಹಾಕಿ ನಟ್ ಬೆರಳಿಲೇ ಹತ್ತಿದ ಮ್ಯಾಲ ಪಾನಾದಿಂದ ಅರ್ಧ ಸುತ್ತು, ಸಾಕು. ಅಪ್ಪನ ಕಾಲದಿಂದ ಇದನ್ನ ಸೋರಿದಾಗೊಮ್ಮೆ ಟೈಟ್ ಮಾಡಿ ಮಾಡಿ ಕವರ್ ಬಾಗಿಸಿ ಇಟ್ಟಿದ್ರು, ಚಪ್ಪಟಿ ಮಾಡಾಕ ಒಂದು ತಾಸು ಹೋತು.

ಬ್ಯಾಂಜೋ ಬೋಲ್ಟಿನ ಕಥಿ ಅಡಗಿ ಮನ್ಯಾಗ ನಡೀತು. ಆ ಬೋಲ್ಟಿನ ಎರಡೂ ಬಾಜೂಕ ತಾಮ್ರದ ವಾಶರ್ ಇರತಾವ, ಟೈಟ್ ಆದಾಗ ತಾಮ್ರ ಒತ್ತಿಸಿಕೊಂಡು ಸಂದಿ ಮುಚ್ಚತೈತಿ. ಒಮ್ಮೆ ಒತ್ತಿಸಿಕೊಂಡ ತಾಮ್ರ ಬಿರುಸ ಆಗತೈತಿ, ಅದನ್ನ ಹಂಗ ಮತ್ತ ಹಾಕಿದ್ರ ಕೂಡಂಗಿಲ್ಲ. ಹೊಸಾ ವಾಶರ್ ಹತ್ತಿಪ್ಪತ್ತು ರೂಪಾಯಿ, ಆದ್ರ ರಾತ್ರಿ ಹತ್ತಕ್ಕ ಯಾರು ಕೊಡತಾರ. ವಾಶರನ್ನ ತಂತಿಗೆ ಪೋಣಿಸಿ ಗ್ಯಾಸ್ ಒಲಿ ಮ್ಯಾಲ ಹಿಡದೆ, ಮೊದಲು ಅದರ ಮ್ಯಾಲ ಕಾಮನಬಿಲ್ಲಿನ ಬಣ್ಣ ಓಡಾಡಿದ್ವು, ಆಮ್ಯಾಲೆ ಕರ್ರಗಾತು, ಆಮ್ಯಾಲೆ ಮೆಲ್ಲಕ ಒಳಗಿಂದ ಕೆಂಪು ಎದ್ದು ಬಂತು, ಮಾಗಿದ ಬೋರೆ ಹಣ್ಣಿನ ಬಣ್ಣ, ಚೊಂಯ್ ಅಂತ ನೀರಿನ ಬಟ್ಲಾಗ ಬಿಟ್ಟೆ, ಕರೀ ಸಿಪ್ಪಿ ಕಳಚಿ ಒಳಗಿಂದ ಗುಲಾಬಿ ತಾಮ್ರ ಬಂತು. ಉಕ್ಕನ್ನ ಹಿಂಗ ಕಾಸಿ ನೀರಿಗೆ ಹಾಕಿದ್ರ ಬಿರುಸ ಆಗತೈತಿ, ತಾಮ್ರ ಹಂಗಲ್ಲ, ನೀರಿಗೆ ಬಿದ್ರೂ ಮೆತ್ತಗ. ಕೈಯಾಗ ಹಿಡದು ಬಾಗಿಸಿದ್ರ ತಂತಿಯಂಗ ಬಾಗತಿತ್ತು. ನಮ್ಮ ಮನಿಯಾಕಿ ಬಾಗಲದಾಗ ನಿಂತು ನೋಡಾಕತ್ತಿದ್ಲು, ಆ ಬಟ್ಲು ಯಾವುದು ಗೊತ್ತೈತೇನು ಅಂದ್ಲು. ಉಪ್ಪಿನಕಾಯಿದು.

ಇನ್ನ ಟೈಮಿಂಗ್ ಕವರ್. ಆಯಿಲ್ ಇಳಿಸಿ, ಸ್ಕ್ರೂ ಒಂದೊಂದ ತಗದು, ಎಲ್ಲಾ ಒಂದ ಉದ್ದ ಇರಂಗಿಲ್ಲ ಅವು, ಹಂಗಾಗಿ ಕಾರ್ಡ್‌ಬೋರ್ಡಿನ ಮ್ಯಾಲ ಕವರಿನ ಚಿತ್ರ ತಗದು ಯಾವ ತೂತಿಂದು ಅಲ್ಲೇ ಚುಚ್ಚಿ ಇಟ್ಟೆ. ಕವರ್ ಕೈಗೆ ಬಂದ ಮ್ಯಾಲ ಅದರ ಅಂಚು ನೋಡಿ ಹೊಟ್ಟಿ ಉರೀತು. ಹಿಂದಿನ ಮೂಲ್ಯಾಗ ಅಲ್ಯೂಮಿನಿಯಮ್ಮಿಗೆ ಮೂರು ಕಡೆ ಗಾಯ. ಪ್ಯಾಕಿಂಗ್ ಅಂಟಿ ಕವರ್ ಬರಲಿಲ್ಲಂತ ಯಾರೋ ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಸುತ್ತಿಗಿಲೇ ಹೊಡದು ಎಬ್ಬಿಸ್ಯಾರ. ಒಮ್ಮೆ ಅಲ್ಲ, ಮೂರು ಸಲ, ಮೂರು ಬ್ಯಾರೆ ಬ್ಯಾರೆ ವರ್ಷದಾಗ ಇರಬೇಕು, ಒಂದು ಗಾಯ ಹಳೇದಾಗಿ ಕರ್ರಗಾಗಿತ್ತು, ಒಂದು ಇನ್ನೂ ಹೊಳೀತಿತ್ತು. ಮರದ ತುಂಡು ಇಟ್ಟು ಸುತ್ತಲೂ ಮೆಲ್ಲಕ ತಟ್ಟಿದ್ರ ಬಿಟ್ಕೋತೈತಿ ಅದು, ಎರಡು ನಿಮಿಷದ ಸಮಾಧಾನ ಬೇಕು. ಆ ಗಾಯದ ಅಂಚು ಮ್ಯಾಲ ಎದ್ದು ಕವರನ್ನ ಕೂಡಾಕ ಬಿಡತಿರಲಿಲ್ಲ, ಆ ಸಂದಿಗೆ ಸಿಲಿಕಾನ್ ಸುರುವಿದ್ರು. ಸುರುವಿದ್ದು ಹೊರಗ ಎಷ್ಟು ಉಬ್ಬಿ ಬರತೈತೋ ಒಳಗೂ ಅಷ್ಟ ಉಬ್ಬಿರತೈತಿ, ಅದು ಹರದು ಆಯಿಲ್ ಜೋಡಿ ತಿರಗತೈತಿ. ಆಯಿಲ್ ಫಿಲ್ಟರಿನ ಫೆಲ್ಟ್ ತಗದು ನೋಡಿದ್ರ ಅದಕ್ಕ ಕೆಂಪು ಶಾವಿಗಿ ಎಳಿ ಎರಡು ಸುತ್ಕೊಂಡಿದ್ವು. ಅದು ಫಿಲ್ಟರಿಗೆ ಸಿಕ್ತು ಅಂತ ಬಚಾವು, ಬಿಗ್ ಎಂಡಿನ ತೂತಿಗೆ ಸಿಕ್ಕಿದ್ರ ಎಂಜಿನ್ನ ಹೋಗತಿತ್ತು.

ಗಾಜಿನ ಅಂಗಡ್ಯಾಗ ಒಂದು ದಪ್ಪ ಗಾಜಿನ ತುಂಡು ಕೊಯ್ಸಿಕೊಂಡು ಬಂದು, ಅದರ ಮ್ಯಾಲ 400 ನಂಬರಿನ ವಾಟರ್ ಪೇಪರ್ ಅಂಟಿಸಿ, ಸೀಮಿಎಣ್ಣಿ ಹಾಕಿ, ಕವರನ್ನ ಬೋರಲ ಇಟ್ಟು ಎಂಟರ ಆಕಾರದಾಗ ತಿರುವಾಕ ಹತ್ತಿದೆ. ಒಂದ ಕಡೆ ಒತ್ತಂಗಿಲ್ಲ, ಗಡಬಡಿ ಮಾಡಂಗಿಲ್ಲ. ಮೊದಲು ಎದ್ದ ಗಾಯದ ತುದಿಗಳಷ್ಟ ಬೆಳ್ಳಗ ಹೊಳದ್ವು, ಸ್ವಲ್ಪೊತ್ತಿಗೆ ಆ ಹೊಳಪು ಅಂಚು ಹಿಡದು ಹಬ್ಬಾಕ ಹತ್ತಿತು, ಕಡೀಕ ಇಡೀ ಅಂಚು ಒಂದ ಬಣ್ಣಕ್ಕ ಬಂತು, ಗಾಯದ ತಗ್ಗುಗಳು ಮಾತ್ರ ಕರೀ ಚುಕ್ಕಿಯಂಗ ಉಳದ್ವು. ಅವಕ್ಕ ಮೆಟಲ್ ಎಪಾಕ್ಸಿ ತುಂಬಿ ಒಂದು ರಾತ್ರಿ ಒಣಗಾಕ ಬಿಟ್ಟು ಮತ್ತ ತಿಕ್ಕಿದೆ.

ಪ್ಯಾಕಿಂಗ್ ರೆಡಿಮೇಡ್ ಸಿಗತೈತಿ, ಆದ್ರ ಅಂಗಡ್ಯಾಗ ಸಿಕ್ಕದ್ದು ನಮ್ಮ ಕವರಿಗೆ ಎರಡು ತೂತು ಕೂಡಲಿಲ್ಲ. ಪ್ಯಾಕಿಂಗ್ ಪೇಪರ್ ಹಾಳಿ ತಂದು ನಾನ ಕೊಯ್ದೆ. ಇದು ಅಪ್ಪ ಮಾಡೂದು ನೋಡಿದ್ದೆ, ಬೈಂಡಿಂಗ್ ಮನಷ್ಯಾ, ಕಾಗದ ಅಂದ್ರ ಅವನ ಕೈಯಾಗ ಮಾತಾಡತಿತ್ತು. ಕವರಿನ ಅಂಚಿಗೆ ಬೆರಳಿಲೇ ತೆಳ್ಳಗ ಆಯಿಲ್ ಸವರಿ ಹಾಳಿ ಮ್ಯಾಲ ಇಟ್ಟು ಒತ್ತಿದ್ರ ಛಾಪು ಬೀಳತೈತಿ, ಥೇಟ್ ಪ್ರೆಸ್ಸಿನ್ಯಾಗ ಬಿದ್ದಂಗ. ಆ ಗೆರಿ ಹಿಡದು ಬ್ಲೇಡು. ಸ್ಕ್ರೂ ತೂತಿಗೆ ಅಪ್ಪಂದೊಂದು ಉಪಾಯ ಇತ್ತು, ಹಳೇ ಬೇರಿಂಗಿನ ಗುಂಡು ತಗೊಂಡು ಹಾಳಿ ಮ್ಯಾಲಿಂದ ತೂತಿನ ಬಾಯಿಗೆ ಇಟ್ಟು ಸುತ್ತಿಗಿಲೇ ಒಂದ ಏಟು ಮೆತ್ತಗ, ತೂತಿನ ಅಂಚ ಕಾಗದ ಕತ್ತರಿಸತೈತಿ, ಚೂರು ಒಳಗ ಬೀಳತೈತಿ, ನಾಣ್ಯದಂಗ ಗುಂಡಗ. ಆ ಚೂರು ಹುಡುಕಿ ತಗೀಬೇಕು ಮತ್ತ. ಗುಂಡು ಅಪ್ಪನ ಡಬ್ಬ್ಯಾಗ ಇನ್ನೂ ಇದ್ವು.

ಕವರ್ ಹಾಕಿದೆ, ಸ್ಕ್ರೂಗಳನ್ನ ಎದರಾಬದರಾ ಸ್ವಲ್ಪ ಸ್ವಲ್ಪ ಟೈಟ್ ಮಾಡಿದೆ, ಕೈ ತೊಳಕೊಂಡೆ, ಚಾ ಕುಡದೆ, ಫೋಟೋ ತಗದು ತಮ್ಮಗ ಕಳಿಸಿದೆ. ಆಮ್ಯಾಲೆ ಪಾನಾ ಎಲ್ಲಾ ಒರಿಸಿ ಇಡಬೇಕಂತ ಹೋದ್ರ ಸ್ಟೀಲಿನ ವಾಟಗಾದಾಗ ಆಯಿಲಿನ್ಯಾಗ ಮುಳುಗಿದ ಒಂದು ಸಣ್ಣ ಕಾರ್ಕಿನ ಉಂಗುರ, ಅಂಗಿ ಗುಂಡಿಯಷ್ಟು. ನೋಡಿದ ಕೂಡ್ಲೇ ಕಾಲಾಗಿನ ಶಕ್ತಿ ಹೋತು. ಕ್ರ್ಯಾಂಕ್ ಶಾಫ್ಟಿನ ತುದಿ ಟೈಮಿಂಗ್ ಕವರಿನ ಒಳಗ ಬಂದು ಈ ಕಾರ್ಕಿನ್ಯಾಗ ಕೂಡತೈತಿ, ಪಂಪಿನಿಂದ ಬಂದ ಆಯಿಲ್ ಇದರ ನಡುವ ಹಾದು ಶಾಫ್ಟಿನ ಒಳಗಿಂದ ಬಿಗ್ ಎಂಡಿಗೆ ಹೋಗತೈತಿ. ಇದು ಇಲ್ಲಂದ್ರ ಆಯಿಲ್ ಅಲ್ಲೇ ಬಾಜೂಕ ಚೆಲ್ಲಿ ಹೋಗತೈತಿ, ಹೊರಗ ಒಂದು ಹನಿ ಸೋರಂಗಿಲ್ಲ, ಎಲ್ಲಾ ಛಲೋ ಕಾಣತೈತಿ, ಬಿಗ್ ಎಂಡ್ ಮಾತ್ರ ಒಣಗಿ ಹಿಡಕೋತೈತಿ. ಕವರ್ ತಗದಾಗೊಮ್ಮೆ ಹೊಸಾದು ಹಾಕಬೇಕಂತ ನಾನ ಮುಂಜಾನೆ ತಂದು, ಮೆತ್ತಗ ಆಗ್ಲಿ ಅಂತ ನಾನ ಆಯಿಲಿನ್ಯಾಗ ನೆನಸಿ ಇಟ್ಟಿದ್ದು. ರಾತ್ರಿ ಹನ್ನೊಂದು ಆಗಿತ್ತು. ಮತ್ತ ಎಲ್ಲಾ ಬಿಚ್ಚಿದೆ, ಪ್ಯಾಕಿಂಗ್ ಒಂದ ಮೂಲ್ಯಾಗ ಅಂಟಿ ಹರೀತು, ಇನ್ನೊಂದು ಕೊಯ್ದೆ, ಗುಂಡು, ಸುತ್ತಿಗಿ, ತೂತು. ಓಣ್ಯಾಗ ನಾಯಿ ಬೊಗಳಾಕ ಹತ್ತಿದ್ವು. ಒಂದೂವರಿಗೆ ಮುಗೀತು.

ಮರುದಿನ ಚಾಲೂ ಮಾಡಿ ಮೊದಲು ಮಾಡಿದ್ದು ಮ್ಯಾಲಿನ ಬ್ಯಾಂಜೋ ಬೋಲ್ಟ್ ಸ್ವಲ್ಪ ಸಡಲ ಮಾಡಿ ನೋಡಿದ್ದು, ಆಯಿಲ್ ಅಲ್ಲಿಂದ ಜಿನುಗಿ ಬಂದ್ರ ಪಂಪ್ ಕೆಲಸ ಮಾಡಾಕತ್ತೇತಿ ಅಂತ. ಬಂತು, ಟೈಟ್ ಮಾಡಿದೆ. ಅರ್ಧ ತಾಸು ನಿಂತಲ್ಲೇ ಓಡಿಸಿದೆ, ಒಂದು ಹನಿ ಇಲ್ಲ. ಅವತ್ತ ಸಂಜೀಕ ಧಾರವಾಡಕ್ಕ ಹೊಂಟೆ, ಇಪ್ಪತ್ತು ಕಿಲೋಮೀಟರ್, ಬಾಜೂಕ ಚಿಗರಿ ಬಸ್ಸು ತಮ್ಮ ಲೈನಿನ್ಯಾಗ ಸುಂಯ್ ಅಂತ ಹೋಗತಾವ, ನಾ ಐವತ್ತರಾಗ ದಡ್ ದಡ್ ದಡ್ ಅಂತ. ಲೈನ್ ಬಜಾರಕ್ಕ ಹೋಗಿ ಫೇಡೆ ತಗೊಂಡು ಹೊರಗ ಬಂದು ಗಾಡಿ ನೋಡಿದ್ರ, ಟ್ಯಾಪೆಟ್ ಕವರ್ ಒದ್ದಿ, ರಾಕರ್ ಕವರ್ ಒದ್ದಿ, ಮೊದಲು ಒಣಾ ಇದ್ದ ಸಿಲಿಂಡರ್ ಬುಡದ ಪ್ಯಾಕಿಂಗಿನಿಂದ ಸೈತ ಜಿನುಗಾಕತ್ತಿತ್ತು, ಬೂಟಿನ ಮ್ಯಾಲ ಹನಿ. ಸುಳ್ಳ್ಯಾಕ ಹೇಳ್ಲಿ, ಅಲ್ಲೇ ಫುಟ್‌ಪಾತ್ ಮ್ಯಾಲ ಕುಂತು ನಾಕು ಫೇಡೆ ತಿಂದೆ.

ಹಳೇ ಹುಬ್ಬಳ್ಳ್ಯಾಗ ಒಬ್ಬ ಮಿಸ್ತ್ರಿ ಕಾಕಾ ಅದಾನ, ಈಗ ಅಂಗಡಿ ಮಕ್ಕಳಿಗೆ ಬಿಟ್ಟಾನ, ಕಟ್ಟಿ ಮ್ಯಾಲ ಕುಂತು ಬರೇ ಬೈಯೂ ಕೆಲಸ. ಅವನ ಹತ್ರ ಗಾಡಿ ಒಯ್ದು ಮಾಡಿದ್ದೆಲ್ಲಾ ಹೇಳಿದೆ, ಗಾಜು, ಕಾರ್ಕು, ತಾಮ್ರ, ಎಲ್ಲಾ. ಅಂವ ಕೇಳಿದ, ಕಿಕ್ ಮ್ಯಾಲ ಹತ್ತಿ ನಿಂದ್ರು ಅಂದ. ಸಿಲಿಂಡರಿನ ಗಾಳಿ ಹೊರಗ ಬಿಡೋ ಡಿಕಂಪ್ರೆಸರ್ ಒತ್ತಲಾರದ ಕಿಕ್ ಮ್ಯಾಲ ನಿಂತೆ, ಲಿವರ್ ನನ್ನ ಭಾರ ಹೊತ್ತು ನಿಂತಿತು, ಬಾಳ ಹೊತ್ತಾದ ಮ್ಯಾಲ ಮೆಲ್ಲಕ ಕೆಳಗ ಹೋತು. ಪಿಸ್ಟನ್ ರಿಂಗ್ ಛಲೋ ಅದಾವ, ಮ್ಯಾಲಿನ ಗಾಳಿ ಕೆಳಗ ಸೋರಾಕತ್ತಿಲ್ಲ, ಹಂಗಂದ್ರ ಇದು ಉಸರು ಎಲ್ಲಿಂದ ಬಿಡತೈತಿ ತೋರಸು ಅಂದ. ನಂಗ ಅರ್ಥ ಆಗಲಿಲ್ಲ. ಅಂವ ಎದ್ದು ಬಂದು, ಕೆಳಗ ಕೈ ಹಾಕಿ, ಕ್ರ್ಯಾಂಕ್‌ಕೇಸಿನಿಂದ ಹಿಂದಕ್ಕ ಹೋಗೋ ಬ್ರೀದರ್ ಪೈಪ್ ಎಳದ. ಅದರ ತುದಿ ಟೂಲ್ ಬಾಕ್ಸಿನ ಹಿಂದ ಮಣ್ಣಾಗ ಮುಚ್ಚಿಕೊಂಡಿತ್ತು. ತುದಿಗೆ ಒಂದು ಬೋಲ್ಟು. ಬೋಲ್ಟ್ ತುರುಕಿ ಮ್ಯಾಲ ತಂತಿ ಬಿಗದು ಬಂದ್ ಮಾಡಿದ್ರು. ಪೈಪಿನಿಂದ ಆಯಿಲ್ ಬರತೈತಿ ಅಂತ ನಾನ ಹೇಳಿದ್ದೆ ಆ ಎರಡನೇ ಗ್ಯಾರೇಜಿನವಗ, ಅಂವ ಪೈಪ್ ಬಾಯಿಗೇ ಬೂಚು ಜಡದು ಎರಡು ಸಾವಿರ ತಗೊಂಡಿದ್ದ!

ಕಾಕಾ ಹೇಳಿದ ಲೆಕ್ಕ ಭಾಳ ಸರಳ. ಪಿಸ್ಟನ್ ಅಗಲ 70 ಮಿಲಿಮೀಟರ್, ಅದು ಕೆಳಗ ಬರೋದು 90 ಮಿಲಿಮೀಟರ್, ಅಂದ್ರ ಒಮ್ಮೆ ಕೆಳಗ ಬಂದ್ರ 346 ಸಿಸಿ ಗಾಳೀನ ಕೆಳಗ ನೂಕತೈತಿ. ಮ್ಯಾಲ 346 ಸಿಸಿ ಅಂತ ಎದಿ ಉಬ್ಬಿಸಿ ಹೇಳ್ತೀರಲ್ಲ, ಕೆಳಗೂ ಅಷ್ಟ ಐತಿ, ಅದು ಎಲ್ಲಿ ಹೋಗಬೇಕು? ಸಾವಿರ ಆರ್‌ಪಿಎಂದಾಗ ನಿಂತ್ರೂ ಸೆಕೆಂಡಿಗೆ 16 ಸಲ. ಬ್ರೀದರ್ ಕೆಲಸ ಏನಂದ್ರ ಪಿಸ್ಟನ್ ಕೆಳಗ ಬಂದಾಗ ಗಾಳಿ ಹೊರಗ ಬಿಡೂದು, ಮ್ಯಾಲ ಹೋದಾಗ ವಾಪಸ್ ಒಳಗ ಬರದಂಗ ಬಾಯಿ ಮುಚ್ಚೂದು. ಅದಕ್ಕ ಬಾತುಕೋಳಿ ಕೊಕ್ಕಿನಂಥ ಒಂದು ರಬ್ಬರ್ ಇರತೈತಿ, ನಮ್ಮದು ಒಣಗಿ ಕಟ್ಟಿಗಿ ಆಗಿತ್ತು. ಸರಿ ಇದ್ರ ಒಳಗ ಗಾಳಿ ಕಡಿಮಿ ಆಗಿ ಜಾಯಿಂಟಿನ್ಯಾಗಿನ ಆಯಿಲ್ ಒಳಗ ಎಳಕೋತೈತಿ, ಬಂದ್ ಇದ್ರ ಎಲ್ಲಿ ಸಂದಿ ಸಿಗತೈತೋ ಅಲ್ಲಿಂದ ಆಯಿಲ್ ನೂಕ್ಕೊಂಡು ಗಾಳಿ ಹೊರಗ ಬರತೈತಿ. ನೀ ಒಂದು ಬಾಗಲಾ ಹಾಕಿದ್ರ ಅದು ಇನ್ನೊಂದು ಬಾಗಲಾ ಒಡದು ಬಂದೇತಿ, ಅದರ ತಪ್ಪೇನೈತಿ ಅಂದ. ನಿಂತಲ್ಲೇ ಓಡಿಸಿದಾಗ ಒಣಾ ಇದ್ದದ್ದು ಧಾರವಾಡ ರೋಡಿನ್ಯಾಗ ಯಾಕ ಹಂಗಾತು ಅನ್ನೂದೂ ತಿಳೀತು.

ಹೊಸಾ ಕೊಕ್ಕು, ಹೊಸಾ ಪೈಪು ಹಾಕಿ ಚಾಲೂ ಮಾಡಿದ. ಹೆಬ್ಬಟ್ಟಿಗೆ ಉಗುಳು ಹಚ್ಚಿ ಪೈಪಿನ ಬಾಯಿ ಹತ್ರ ಹಿಡಿ ಅಂದ. ಹಿಡದೆ. ಪುಸ್, ಪುಸ್, ಪುಸ್, ಬರೇ ಹೊರಗ ಬರೋ ಉಸರು, ಬಿಸಿ, ಒಳಗ ಎಳಕೊಳ್ಳೂದು ಇಲ್ಲ. ಮಗನ ಎದಿ ಮ್ಯಾಲ ಕೈ ಇಟ್ಟಂಗ ಅನಿಸಿತು, ಅದನ್ನ ಕಾಕಾನ ಮುಂದ ಹೇಳಲಿಲ್ಲ. ರೊಕ್ಕ ಎಷ್ಟು ಅಂದ್ರ ರಬ್ಬರಿಂದು ಪೈಪಿಂದು ಅಷ್ಟ ತಗೊಂಡ. ದುರ್ಗದಬೈಲಿಗೆ ಕರಕೊಂಡು ಹೋಗಿ ಗಿರ್ಮಿಟ್ಟು ಮಿರ್ಚಿ ತಿನ್ನಿಸಿದೆ, ತಿನ್ನೂ ಹೊತ್ತಿನ್ಯಾಗೂ ಬೈದ, ಮೊದಲು ಉಸರು ನೋಡಬೇಕು ಆಮ್ಯಾಲೆ ಗಾಯ ನೋಡಬೇಕು, ನೀ ತಿಂಗಳಗಟ್ಲೆ ಪ್ಲಾಸ್ಟರ್ ಹಚ್ಕೋತ ಕುಂತಿ ಅಂತ. ಖರೇನ, ಅಷ್ಟು ಕೆಲಸದಾಗ ಟೈಮಿಂಗ್ ಕವರಿಂದು ಬಿಟ್ರ ಉಳದದ್ದು ಅರ್ಧ ಬೇಕಾಗಿರಲಿಲ್ಲೇನೋ. ಆದ್ರ ಆ ಕೆಂಪು ಶಾವಿಗಿ ಒಳಗ ಇತ್ತಲ್ಲ, ಅದಕ್ಕ ಬಿಚ್ಚಿದ್ದಕ್ಕ ನಂಗ ಬ್ಯಾಸರಿಲ್ಲ.

ಶ್ರಾವಣ ಮುಗಿದ ಮ್ಯಾಲ ಗದಗಕ್ಕ ಹೋಗಿ ಬಂದೆ, ಅಣ್ಣಿಗೇರಿ ಮ್ಯಾಲ, ಎರಿ ಹೊಲದಾಗ ಹೆಸರು ಕಿತ್ತಿದ್ರು. ಹೋಗಿ ಬರಾಕ ನೂರಾ ಇಪ್ಪತ್ತು ಕಿಲೋಮೀಟರಿನ ಹತ್ರ. ಅಣ್ಣಿಗೇರ್ಯಾಗ ಚಾಕ್ಕ ನಿಂತಾಗ ಬೆರಳಿಲೇ ಟ್ಯಾಪೆಟ್ ಕವರ್ ಸುತ್ತ ಸವರಿದೆ, ಬರೇ ಧೂಳು. ಟೈಮಿಂಗ್ ಕವರಿನ ಮೂಲಿ, ಧೂಳು. ಸಿಲಿಂಡರ್ ಬುಡದ ಜಿನುಗೂದು ತಾನ ನಿಂತಿತ್ತು, ಅದನ್ನ ನಾ ಮುಟ್ಟೇ ಇರಲಿಲ್ಲ. ಗೇರ್‌ಬಾಕ್ಸಿನ ಕಿಕ್ ಶಾಫ್ಟಿಂದು ಮಾತ್ರ ರಾತ್ರಿಗೊಂದು ಹನಿ ಬೀಳತೈತಿ, ಅದಕ್ಕ ಬುಶ್ ಬದಲಿ ಮಾಡಬೇಕು, ಅದಕ್ಕ ಗೇರ್‌ಬಾಕ್ಸ್ ಬಿಚ್ಚಬೇಕು, ಅದನ್ನ ಬಿಟ್ಟೇನಿ. ಕೆಳಗ ಒಂದು ಬೂಟ್ ಪಾಲಿಶ್ ಡಬ್ಬಿ ಮುಚ್ಚಳ ಇಟ್ಟೇನಿ, ವಾರಕ್ಕೊಮ್ಮೆ ಒರಸ್ತೇನಿ.

ಮನಿಗೆ ಬಂದು ಗಾಡಿ ಅದರ ಜಾಗಾದಾಗ ನಿಂದ್ರಸಾಕ ಹೋದ್ರ ಅವ್ವ ಅಡ್ಡ ನಿಂತ್ಲು. ಇನ್ನೊಂದಿಷ್ಟು ಆ ಕಡೆ ಹಚ್ಚು, ಓಣ್ಯಾಗ ಹಚ್ಚು ಅಂದ್ಲು. ಯಾಕವಾ, ಈಗ ಸೋರಂಗಿಲ್ಲಲ್ಲ ಅಂದೆ. ಅದಕ್ಕ, ಇನ್ನ ನಾ ಅಲ್ಲಿ ರಂಗೋಲಿ ಹಾಕಬೇಕು ಅಂದ್ಲು. ಕೆಳಗ ನೋಡಿದ್ರ ಆಗಲೇ ಆ ಕರೀ ಕಲಿ ಸುತ್ತ ಚುಕ್ಕಿ ಇಟ್ಟಿದ್ಲು. ಈಗ ಗಾಡಿ ಹೊರಗ ಬೇವಿನ ಗಿಡದ ಕೆಳಗ ನಿಂದರತೈತಿ, ಮ್ಯಾಲ ಕಾಗಿ ಹೇಲತಾವ.